ಅಕ್ಕನ ಮನೆಯ ಪೆಂಟಿಯಂ

ಈ ಒಂದು ವರ್ಷದಲ್ಲಿ ನಾನು ಅತಿ ಹೆಚ್ಚು ಸಲ ಹೇಳಿದ ಮಾತು, "ನಿಮ್ಮ ಪ್ರೊಸೆಸರು ಪಟ್ಟಿಯಲ್ಲಿಲ್ಲ." ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಹಳೆಯ ವಿಂಡೋಸಿನ ಕಾಲ ಮುಗಿಯಿತು, ಹೊಸದಕ್ಕೆ ಬದಲಾಯಿಸಿಕೊಳ್ಳಿ ಎಂಬ ಸೂಚನೆ ಪರದೆಯ ಮೇಲೆ ಬರತೊಡಗಿದಾಗಿನಿಂದ ಜನ ತಮ್ಮ ಡೆಸ್ಕ್‌ಟಾಪ್‌ಗಳನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಮೊಪೆಡ್ಡಿನಲ್ಲಿ ಕಾಲುಗಳ ನಡುವೆ ನಿಲ್ಲಿಸಿಕೊಂಡು ತರುತ್ತಾರೆ. ಹೊಸ ವಿಂಡೋಸು ಒಳಗೆ ಬರುವ ಮೊದಲು ಪ್ರೊಸೆಸರಿನ ಹೆಸರು ನೋಡುತ್ತದೆ. ಅದರ ಬಳಿ ಒಂದು ಪಟ್ಟಿಯಿದೆ. ಹೆಸರು ಪಟ್ಟಿಯಲ್ಲಿದ್ದರೆ ಮುಂದಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಆ ಮೆಷಿನ್ನು ನಿನ್ನೆ ಸಂಜೆಯವರೆಗೆ ಒಂದು ತಕರಾರೂ ಇಲ್ಲದೆ ಕೆಲಸ ಮಾಡಿದೆ ಎನ್ನುವುದನ್ನು ಅದು ಕೇಳುವುದೇ ಇಲ್ಲ.

ಕ್ಯಾಸಂಬಳ್ಳಿ ಕಡೆಯ ಹಾಲಿನ ಡೈರಿಯೊಂದರ ಕಾರ್ಯದರ್ಶಿ ಹೀಗೆ ಒಂದು ಮೆಷಿನ್ನು ತಂದಿದ್ದರು.

"ಓಡ್ತಾ ಐತಲ್ಲ ಸಾರ್. ಇನ್ನೇನು ಬೇಕಂತೆ ಅದುಕ್ಕೆ?"

"ಓಡಿದರೆ ಸಾಲದು. ಪಟ್ಟಿಯಲ್ಲಿ ಹೆಸರಿರಬೇಕು."

"ಓ, ನಮ್ ಅಸೂಗಳ ಕತೇನೇ ಬುಡಿ. ಕಿವೀಲಿ ನಂಬ್ರಿನ ಓಲೆ ಇಲ್ದಿದ್ರೆ ಎಂಟು ಲೀಟ್ರು ಕರೆದ್ರೂ ಅದು ಅಸೂನೇ ಅಲ್ವಂತೆ."

ನಾನು ನಕ್ಕೆ. ಆಮೇಲೆ ಅವರ ಮೆಷಿನ್ನಿಗೆ ಹೊಸ ವಿಂಡೋಸನ್ನೇ ಹಾಕಿಕೊಟ್ಟೆ. ಅದಕ್ಕೆ ದಾರಿಯಿದೆ. ಶುರುವಿನಲ್ಲಿ ಎರಡು ಸಾಲು ಬರೆದರೆ ಅದು ಪಟ್ಟಿಯನ್ನು ನೋಡುವುದನ್ನೇ ಬಿಟ್ಟುಬಿಡುತ್ತದೆ. ಒಂದು ರೀತಿಯಲ್ಲಿ ಸುಳ್ಳು ಹೇಳಿದಂತೆಯೇ ಎಂದು ಅವರಿಗೂ ಹೇಳಿದೆ. ಮೆಷಿನ್ನಿಗೆ ಹೇಳಿದ ಸುಳ್ಳನ್ನು ನಾನು ಸುಳ್ಳೆಂದು ಎಣಿಸಿದವನಲ್ಲ.

ಅವತ್ತೇ, ಅಥವಾ ಆ ವಾರದಲ್ಲೇ ಬೇರೊಂದು ದಿನ, ಅಕ್ಕ ಬಂದಳು. ಅವತ್ತೇ ಇರಬೇಕು, ಏಕೆಂದರೆ ಸ್ಟೂಲಿನ ಮೇಲೆ ಕೂತು ಆ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು ಎಂದು ಆಮೇಲೆ ಗೊತ್ತಾಯಿತು.

ನನಗಿಂತ ಎಂಟು ವರ್ಷ ದೊಡ್ಡವಳು. ಊರಿಗಾಂನಲ್ಲಿ, ಚಿನ್ನದ ಗಣಿ ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯೊಂದರಲ್ಲಿ ಒಬ್ಬಳೇ ಇದ್ದಾಳೆ. ಭಾವ ತೀರಿಕೊಂಡು ನಾಲ್ಕು ವರ್ಷವಾಯಿತು. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಮನೆಕೆಲಸಕ್ಕೆ ಹೋಗಿ ಬರುತ್ತಿದ್ದಳು. ಮೊಣಕಾಲು ಹಿಡಿದುಕೊಂಡ ಮೇಲೆ ಅದನ್ನು ಬಿಟ್ಟು, ಹತ್ತಿರದ ಗಾರ್ಮೆಂಟ್ಸ್‌ನಲ್ಲಿ ಹೊಲಿದ ಬಟ್ಟೆಯ ದಾರ ಕತ್ತರಿಸುತ್ತಾಳೆ.

"ಲೇ, ಮನೆಗ್ಳ ಪಟ್ಟಿ ಮಾಡ್ತಾವ್ರೆ," ಅಂದಳು. "ಇರೋರ ಎಸ್ರಿಗೇ ಬರ್ಕೊಡ್ತಾರಂತೆ. ನಮ್ ಲೈನಲ್ಲಿ ಎಲ್ರುದೂ ಬಂದೈತೆ. ನಂದೊಂದ್ ಬಂದಿಲ್ಲ."

ಯಾಕೆ ಬಂದಿಲ್ಲ ಎನ್ನುವುದು ನನಗೆ ಗೊತ್ತಿದ್ದ ವಿಷಯವೇ. ಆ ಮನೆ ಗಣಿ ಕಂಪನಿಯ ಕಾಲದಲ್ಲಿ ಭಾವನ ಸೋದರಮಾವನ ಹೆಸರಿಗೆ ಕೊಟ್ಟದ್ದು. ಗಣಿ ಮುಚ್ಚಿದ ಕೆಲವು ವರ್ಷಕ್ಕೆ ಮಾವ ಮಗಳ ಜೊತೆ ಇರುತ್ತೇನೆಂದು ತಮಿಳು ಸೀಮೆಗೆ ಹೊರಟುಹೋದರು. ಹೋಗುವ ಮೊದಲು, ಇನ್ನು ಈ ಮನೆಯಲ್ಲಿ ತನ್ನ ಜೊತೆಗೇ ಇದ್ದ ಅಳಿಯನ, ಅಂದರೆ ಭಾವನ, ಸಂಸಾರ ಇರುತ್ತದೆ ಎಂದು ಒಂದು ಪತ್ರ ಮಾಡಿ ಸಹಿ ಹಾಕಿಕೊಟ್ಟರು. ಅವರು ಅಲ್ಲೇ ತೀರಿಕೊಂಡು ಎಷ್ಟೋ ವರ್ಷವಾಯಿತು. ಕರೆಂಟು ಬಿಲ್ಲು ಇವತ್ತಿಗೂ ಮಾವನ ಹೆಸರಲ್ಲೇ ಬರುತ್ತದೆ. ಅಕ್ಕನ ರೇಷನ್ ಕಾರ್ಡು, ಓಟಿನ ಚೀಟಿ ಎಲ್ಲ ಬೇತಮಂಗಲದ ಹತ್ತಿರ, ಅವಳ ಗಂಡನ ಊರಿನಲ್ಲೇ ಉಳಿದವು. ಅಲ್ಲಿ ಭಾವನ ಅಪ್ಪ ಅಮ್ಮ ಇರುವ ತನಕ ಅವರಿಗೆ ಅಕ್ಕಿ ಸಿಗಲಿ ಎಂದು ಕಾರ್ಡು ತರಲಿಲ್ಲ. ಅವರು ಹೋದ ಮೇಲೆ ಯಾರಿಗೂ ನೆನಪಾಗಲಿಲ್ಲ. ಲೈನಿನ ಮನೆಗಳಲ್ಲಿ ಅರ್ಧಕ್ಕರ್ಧ ಜನ ಹೀಗೆಯೇ, ಬದುಕು ಒಂದು ಕಡೆ, ಕಾರ್ಡು ಒಂದು ಕಡೆ. ಆದರೆ ಉಳಿದವರ ಬಳಿ ಏನೋ ಒಂದು ಹಳೆಯ ಕಾಗದವಿತ್ತು.

"ಮಾವ ಕೊಟ್ಟ ಪತ್ರ?"

"ಗೆದ್ಲು ತಿಂದಾಕ್ತು. ಟ್ರಂಕಿನ ತಳದಾಗಿತ್ತು, ತೆಗೆದ್ರೆ ಬರೀ ಮಣ್ಣು. ಅದುಕ್ಕೇ ನಿನ್ ತಾವ ಬಂದಿದ್ದು. ಆ ಪತ್ರ ಬರ್ದೋನು ನೀನೇ ಅಲ್ವೇನ್ಲಾ? ನಮ್ ಜಗ್ಲೀಲೇ ಕೂತ್ಕಂಡು? ನಿನ್ ಡಬ್ಬ ಇನ್ನೂ ಅಂಗೇ ಐತೆ. ಅದ್ರಲ್ಲಿರ್ತದಲ್ಲ, ತೆಗ್ದು ಕೊಡು."

ಅದು ಇಷ್ಟೇ ಕೆಲಸ ಎನ್ನುವಂತೆ ಹೇಳಿದಳು. ನನಗೂ ಇಷ್ಟೇ ಕೆಲಸ ಅನ್ನಿಸಿತು.

ಆ ಡಬ್ಬ ನನ್ನ ಮೊದಲ ಕಂಪ್ಯೂಟರು. ಬೆಂಗಳೂರಿನಲ್ಲಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಎರಡು ವರ್ಷದಲ್ಲಿ ಮೂರು ಕೆಲಸ ಬಿಟ್ಟು, ನಾಲ್ಕನೆಯದನ್ನು ಹುಡುಕುವ ಮನಸ್ಸಿಲ್ಲದೆ ಅಕ್ಕನ ಮನೆಗೆ ಬಂದು ಬಿದ್ದಿದ್ದೆ. ಒಂದು ಕಡೆ ನಿಲ್ಲುವ ಸ್ವಭಾವ ನನ್ನದಲ್ಲ. ಅಕ್ಕ ಜಗಲಿಗೆ ತಗಡು ಹೊಡೆಸಿ, "ಇಲ್ಲಾದ್ರೂ ಕೂತ್ಕ" ಅಂದಳು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೋರ್ಡು, ಡಿಸ್ಕು, ಕ್ಯಾಬಿನೆಟ್ಟು ಒಂದೊಂದೇ ಆರಿಸಿ, ಪೆಂಟಿಯಂ ಫೋರ್ ಪ್ರೊಸೆಸರನ್ನು ಮಾತ್ರ ಅದರ ಸಣ್ಣ ಪೆಟ್ಟಿಗೆಯ ಸಮೇತ ಅಂಗಿ ಜೇಬಿನಲ್ಲಿಟ್ಟುಕೊಂಡು, ಮಾರಿಕುಪ್ಪಂ ರೈಲಿನಲ್ಲಿ ತಂದೆ. ಅದರ ಮೇಲೆ ವಿಂಡೋಸ್ ಎಕ್ಸ್‌ಪಿ ಹಾಕಿದ ದಿನ ಲೈನಿನ ಅರ್ಧ ಜನ ಜಗಲಿಯ ಮುಂದೆ ನಿಂತು ನೋಡಿದ್ದರು. ಹಾಗೆಂದು ನನ್ನ ನೆನಪು.

ಲೈನಿನವರ ಅರ್ಜಿಗಳನ್ನು ಟೈಪು ಮಾಡುವುದು ನನ್ನ ಕೆಲಸ. ಅವರು ತಮಿಳಿನಲ್ಲಿ ಶುರುಮಾಡಿ, ತೆಲುಗಿನಲ್ಲಿ ಸಿಟ್ಟಾಗಿ, ಕನ್ನಡದಲ್ಲಿ ಮುಗಿಸುತ್ತಿದ್ದರು. ನಾನು ಅದನ್ನೆಲ್ಲ ಕಚೇರಿಯ ಕನ್ನಡಕ್ಕೆ ತಿರುಗಿಸುತ್ತಿದ್ದೆ. ಮಾವನ ಪತ್ರದ ದಿನ ನನಗೆ ಚೆನ್ನಾಗಿ ನೆನಪಿತ್ತು. ತಗಡಿನ ಮೇಲೆ ಮಳೆ. ಮಾವ ಸ್ಟೂಲಿನ ಮೇಲೆ ಒಂದು ಕಾಲು ಮಡಚಿ ಕೂತು, "ಎಳುದು, ಬರಿ ತಂಬಿ, ಮಾವಂಗೇನೂ ಬೇಡ, ಎಲ್ಲಾ ಅಳಿಯಂದೇ ಅಂತ ಆಕು" ಅಂದದ್ದು. ಭಾವ ಬಾಗಿಲಿಗೆ ಒರಗಿ ನಿಂತದ್ದು. ನಾನು ಟೈಪು ಮಾಡಿದ ಸಾಲು: "ಈ ಬಗ್ಗೆ ಇಂದಾಗಲಿ ಮುಂದಾಗಲಿ ನನ್ನದೇನೂ ತಕರಾರು ಇರುವುದಿಲ್ಲ." ಆ ಸಾಲನ್ನು ಓದಿ ಹೇಳಿದಾಗ ಮಾವ ತಲೆಯಾಡಿಸಿದ್ದರು. ಅಕ್ಕ ಆಗ ಮನೆಯಲ್ಲಿರಲಿಲ್ಲ.

ಮುಂದಿನ ಭಾನುವಾರ ಊರಿಗಾಂಗೆ ಹೋದೆ. ಮೆಷಿನ್ನು ಜಗಲಿಯ ಮೂಲೆಯಲ್ಲಿ, ಹಳೆಯ ಸೀರೆಯ ತುಂಡಿನ ಅಡಿಯಲ್ಲಿತ್ತು. ಬಂಗಾರಪೇಟೆಗೆ ಅಂಗಡಿ ಬದಲಾಯಿಸಿದಾಗ ಅದನ್ನು ಅಲ್ಲೇ ಬಿಟ್ಟಿದ್ದೆ. ಆ ಹೊತ್ತಿಗೆ ಅದು ಯಾರಿಗೂ ಬೇಡವಾದ ಪ್ರೊಸೆಸರು. ಸೀರೆ ತೆಗೆದರೆ ಮುಂಭಾಗದಲ್ಲಿ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಅದರ ಅಡಿಯಲ್ಲಿ ಹಿಂದಿನ ವರ್ಷದ್ದು, ಅದರ ಅಡಿಯಲ್ಲಿ ಅದರ ಹಿಂದಿನದ್ದು.

"ಏನಕ್ಕ ಇದು?"

"ಆಯುಧ ಪೂಜೆ. ನಿಮ್ ಭಾವನ್ ಸೈಕಲ್ಲಿಗೆ, ನನ್ ಕತ್ರೀಗೆ, ಇದುಕ್ಕೆ. ಒಂದ್ ವರ್ಷಾನೂ ತಪ್ಪಿಸಿಲ್ಲ. ಕೆಲ್ಸ ಮಾಡಿದ್ದಲ್ವೇನ್ಲಾ ಅದೂನೂವೆ."

ಮುಚ್ಚಳ ಬಿಚ್ಚಿದೆ. ಬಂಗಾರಪೇಟೆಯ ಮೆಷಿನ್ನುಗಳಲ್ಲಿ ಕೆಂಪು ಧೂಳಿರುತ್ತದೆ, ಊರಿಗಾಂನವುಗಳಲ್ಲಿ ಬೂದು. ಚಿನ್ನ ತೆಗೆದು ಉಳಿದ ಪುಡಿಯ ಸೈನೈಡ್ ದಿಬ್ಬಗಳಿಂದ ಬೇಸಿಗೆಯ ಗಾಳಿ ತರುವ, ಹಿಟ್ಟಿನಷ್ಟು ನುಣ್ಣಗಿನ ಮಣ್ಣು. ಆ ಬೂದಿಯ ಮೇಲೆ ವಿಭೂತಿ ನೀರು ಗಾಳಿಕಿಂಡಿಯಿಂದ ಇಳಿದು ಒಣಗಿ ಪದರವಾಗಿತ್ತು. ಬೋರ್ಡಿನ ಮೇಲಿನ ಬಿಲ್ಲೆ ಬ್ಯಾಟರಿಯ ಸುತ್ತ ಹಸಿರು ಕಿಲುಬು. ಅಕ್ಕ ನನ್ನ ಮುಖ ನೋಡುತ್ತಿದ್ದಳು.

"ಪೂಜೆ ಮಾಡಿದ್ ತಪ್ಪಾಯ್ತಾ?"

"ಇಲ್ಲಕ್ಕ," ಅಂದೆ. "ಡಿಸ್ಕು ಬೇರೆ ಇರುತ್ತೆ. ಅದಕ್ಕೇನೂ ಆಗಿಲ್ಲ."

ಆಟೋದಲ್ಲಿ ಹಾಕಿಕೊಂಡು ಅಂಗಡಿಗೆ ತಂದೆ. ಡಿಸ್ಕನ್ನು ಹೊರತೆಗೆದು, ಒಂದು ಅಡಾಪ್ಟರಿನ ಮೂಲಕ ನನ್ನ ಹೊಸ ಮೆಷಿನ್ನಿಗೆ ಜೋಡಿಸಿದೆ. ಸ್ವಲ್ಪ ಹೊತ್ತು ಟಿಕ್ ಟಿಕ್ ಎಂದು ಹೆದರಿಸಿ, ಆಮೇಲೆ ತಿರುಗತೊಡಗಿತು. ನನ್ನ ಹಳೆಯ ಕಡತಗಳೆಲ್ಲ ಇದ್ದವು, ಮುನ್ನೂರಕ್ಕೂ ಹೆಚ್ಚು. ಅವುಗಳ ನಡುವೆ ಮಾವಮನೆ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಒಂದು ಹೆಸರು ಕಂಡಾಗ ಎದ್ದು ನಿಂತುಬಿಟ್ಟೆ. ಅಕ್ಕನಿಗೆ ಫೋನು ಮಾಡಿ "ಸಿಕ್ತು" ಅಂದೆ. ಅಷ್ಟು ಬೇಗ ಹೇಳಬಾರದಿತ್ತು.

ಮೊದಲು ಕಂಡದ್ದು ತಾರೀಖು. ಮುನ್ನೂರು ಕಡತಗಳಲ್ಲಿ ಬಹುಪಾಲಿಗೆ ಒಂದೇ ತಾರೀಖು, ಆ ಬೋರ್ಡು ತಯಾರಾದ ವರ್ಷದ ಜನವರಿ ಒಂದು. ಕಾರಣ ತಕ್ಷಣ ತಿಳಿಯಿತು. ಕಂಪ್ಯೂಟರು ಆರಿದ್ದಾಗಲೂ ಗಡಿಯಾರ ಓಡಲೆಂದು ಬೋರ್ಡಿನ ಮೇಲೆ ಒಂದು ಬಿಲ್ಲೆ ಬ್ಯಾಟರಿ ಇರುತ್ತದೆ. ನನ್ನ ಮೆಷಿನ್ನಿನಲ್ಲಿ ಅದು ಶುರುವಿನಲ್ಲೇ ಸತ್ತಿತ್ತು. ಪ್ರತಿ ಬೆಳಿಗ್ಗೆ ಆನ್ ಮಾಡಿದಾಗ, ತಾರೀಖು ತಪ್ಪಿದೆ, ಮುಂದುವರಿಯಲು ಎಫ್-ಒಂದು ಒತ್ತಿ ಎಂದು ಕೇಳುತ್ತಿತ್ತು. ನಾನು ಒತ್ತುತ್ತಿದ್ದೆ. ನಮ್ಮ ಕಡೆ ಎಲ್ಲರೂ ಒತ್ತುತ್ತಿದ್ದರು. ಅರ್ಜಿಯ ಮೇಲಿನ ತಾರೀಖನ್ನು ಕೈಯಲ್ಲಿ ಬರೆಯುವ ಪದ್ಧತಿ ಇದ್ದುದರಿಂದ ಮೆಷಿನ್ನಿಗೆ ಯಾವ ವರ್ಷವೆಂದು ಗೊತ್ತಿರಬೇಕು ಎಂದು ಯಾರಿಗೂ ಅನ್ನಿಸಲಿಲ್ಲ. ಆ ಜಗಲಿಯಲ್ಲಿ ನಾನು ಕಳೆದ ಐದಾರು ವರ್ಷ ಆ ಡಿಸ್ಕಿನ ಪಾಲಿಗೆ ಒಂದೇ ದಿನ.

ಹೋಗಲಿ, ಪತ್ರದ ಒಳಗಿನ ಮಾತಾದರೂ ಸಾಕ್ಷಿಯಾದೀತು ಎಂದು ಕಡತ ತೆರೆದರೆ ಬರೀ ಕಸದಂಥ ಅಕ್ಷರಗಳು, ಕೊಂಬು ಕೋಡು ಹಚ್ಚಿದ ಇಂಗ್ಲಿಷ್ ಎ, ಇ, ಓ. ಆ ಕಾಲದ ಕನ್ನಡ ಸಾಫ್ಟ್‌ವೇರುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸುತ್ತಿದ್ದವು. ಆ ಸಾಫ್ಟ್‌ವೇರು ಇಲ್ಲದೆ ಅದನ್ನು ಓದುವಂತಿಲ್ಲ, ಆ ಸಾಫ್ಟ್‌ವೇರು ಎಕ್ಸ್‌ಪಿಯಾಚೆಗೆ ಏಳುವುದಿಲ್ಲ. ಹಾಗಾದರೆ ಡಿಸ್ಕಿನಲ್ಲೇ ಇರುವ ಎಕ್ಸ್‌ಪಿಯನ್ನು ಎಬ್ಬಿಸೋಣವೆಂದು ಅಂಗಡಿಯಲ್ಲಿದ್ದ ಬೇರೆ ಮೆಷಿನ್ನಿಗೆ ಡಿಸ್ಕು ಹಾಕಿದೆ. ನೀಲಿ ಪರದೆ. ಇನ್ನೊಂದಕ್ಕೆ ಹಾಕಿದೆ. ನೀಲಿ ಪರದೆ. ಆ ವಿಂಡೋಸು ಹಾಕಿದ ದಿನ ತನ್ನ ಅಡಿಯಲ್ಲಿ ಯಾವ ಬೋರ್ಡು, ಯಾವ ಪ್ರೊಸೆಸರು ಇತ್ತೋ ಅದನ್ನೇ ಲೋಕವೆಂದು ತಿಳಿದುಕೊಂಡಿತ್ತು. ಬೇರೆ ನೆಲದ ಮೇಲೆ ನಿಲ್ಲಿಸಿದರೆ ಕುಸಿಯುತ್ತಿತ್ತು. ಹೊಸ ಮೆಷಿನ್ನಿನೊಳಗೆ ಹಳೆಯದೊಂದು ಇರುವಂತೆ ನಟಿಸುವ ವಿಧಾನವೂ ಇದೆ. ಅದನ್ನೂ ಮಾಡಿದೆ, ಆದರೆ ಕನ್ನಡ ಸಾಫ್ಟ್‌ವೇರು ತನ್ನ ಕೀಲಿಯನ್ನು, ಅಂದರೆ ಮೆಷಿನ್ನಿನ ಹಿಂಬದಿಗೆ ಚುಚ್ಚುವ ಸಣ್ಣ ತುಂಡನ್ನು, ಹಳೆಯ ಪ್ರಿಂಟರ್ ಪೋರ್ಟಿನಲ್ಲೇ ಹುಡುಕಿ, ಸಿಗದೆ ಮುಚ್ಚಿಕೊಂಡಿತು.

ಆದ್ದರಿಂದ ಅಕ್ಕನ ಮನೆಯ ಪೆಂಟಿಯಮ್ಮನ್ನೇ ಬದುಕಿಸಬೇಕಾಯಿತು. ವಾರಗಟ್ಟಲೆ ಗಿರಾಕಿಗಳ ಕೆಲಸ ಪಕ್ಕಕ್ಕಿಟ್ಟು ಅದರ ಮೇಲೆ ಕೂತೆ. ವಿಭೂತಿಯನ್ನು ಸ್ಪಿರಿಟ್ಟಿನಿಂದ ಒರೆಸಿದೆ. ಕಿಲುಬನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಫ್ಯಾನಿನ ಅಡಿಯ, ಬಿಸಿ ಹೀರುವ ಹೀಟ್‌ಸಿಂಕನ್ನು ಎತ್ತಿದರೆ, ನಡುವಿನ ಪೇಸ್ಟು ಗಾರೆಯಂತೆ ಗಟ್ಟಿಯಾಗಿ, ಪ್ರೊಸೆಸರು ಅದಕ್ಕೇ ಕಚ್ಚಿಕೊಂಡು ಕಿತ್ತುಬಂತು. ತಿರುಗಿಸಿ ನೋಡಿದರೆ ಮುಳ್ಳಿನಂಥ ನೂರಾರು ಪಿನ್ನುಗಳಲ್ಲಿ ನಾಲ್ಕು ಬಾಗಿದ್ದವು. ಕಡ್ಡಿ ತುಂಬುವ ಪೆನ್ಸಿಲ್ಲಿನ ಲೋಹದ ಮೂತಿಯಲ್ಲಿ ಒಂದೊಂದನ್ನೇ ತೂರಿಸಿ ನೆಟ್ಟಗೆ ಮಾಡಿದೆ. ಅಕ್ಕ ಕೆಲಸ ಮುಗಿಸಿ ಬಂದು ಪಕ್ಕದಲ್ಲಿ ಕೂತಿದ್ದಳು.

"ಮಿರಮಿರ ಅಂತದಲ್ಲ, ಚಿನ್ನಾನಾ?"

"ಹೂಂ. ಲೇಪ."

"ನಿಮ್ ಭಾವ ಇಪ್ಪತ್ ವರ್ಷ ಕೆಳಗಿಳಿದ್ರು, ಒಂದ್ ಚೂರು ಕಣ್ಣಲ್ಲಿ ನೋಡ್ಲಿಲ್ಲ ಅಂತಿದ್ರು. ಅದು ನಮ್ ಜಗ್ಲೀಲೇ ಕೂತಿತ್ತಾ?" ಎಂದು ನಕ್ಕಳು. ಆ ತಿಂಗಳಲ್ಲಿ ಅವಳು ನಕ್ಕಿದ್ದು ಅದೊಂದೇ ಸಲ ಇರಬೇಕು.

ಮೂರನೆಯ ಸಲಕ್ಕೆ ಅದು ಎದ್ದಿತು. ಫ್ಯಾನು ಒರಲುತ್ತ ತಿರುಗಿತು, ಹಸಿರು ಗುಡ್ಡ ನೀಲಿ ಆಕಾಶದ ಚಿತ್ರ ಬಂತು. ಕನ್ನಡ ಸಾಫ್ಟ್‌ವೇರು ತನ್ನ ಕೀಲಿಯನ್ನು ಹಿಂಬದಿಯ ಪೋರ್ಟಿನಲ್ಲಿ ಕಂಡುಕೊಂಡು ತೆರೆದುಕೊಂಡಿತು. ಮಾವಮನೆ ಎಂಬ ಕಡತದ ಮೇಲೆ ಎರಡು ಸಲ ಒತ್ತಿದೆ. ಅಕ್ಷರಗಳು ಕನ್ನಡವಾಗಿ ಮೂಡಿದವು.

ಅಕ್ಕ ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಗ್ಗಿ, ಬೆರಳಿಟ್ಟು ಓದಿದಳು. ನಾನು ಅವಳಿಗಿಂತ ಮೊದಲೇ ಓದಿ ಮುಗಿಸಿದ್ದೆ.

"ಇದೇನ್ಲಾ, ಇದು ನಲ್ಲಿ ಅರ್ಜಿ ಅಲ್ವಾ? ಮೂರ್ನೇ ಲೈನಿನೋರ್ದು. ನಲ್ಲೀಲಿ ನೀರ್ ಬರಲ್ಲ ಅಂತ." ಅವಳು ನನ್ನ ಕಡೆ ತಿರುಗಿದಳು. "ನಮ್ದೆಲ್ಲಿ?"

ನಮ್ಮದು ಇರಲಿಲ್ಲ. ಯಾಕೆಂದು ನನಗೆ ಗೊತ್ತಾಯಿತು. ನಮ್ಮ ಕಡೆಯ ಟೈಪಿಂಗ್ ಅಂಗಡಿಗಳಲ್ಲಿ ಯಾರೂ ಪ್ರತಿ ಅರ್ಜಿಯನ್ನು ಮೊದಲಿನಿಂದ ಟೈಪು ಮಾಡುವುದಿಲ್ಲ. ಇವರಿಗೆ, ವಿಷಯ, ಮಾನ್ಯರೇ, ಕೊನೆಗೆ ತಮ್ಮ ವಿಶ್ವಾಸಿ, ಇವೆಲ್ಲ ಎಲ್ಲರಿಗೂ ಒಂದೇ. ಹಿಂದಿನ ಯಾರದ್ದೋ ಅರ್ಜಿ ತೆರೆದು, ಹೆಸರು ಅಳಿಸಿ ಹೆಸರು ಹಾಕಿ, ಮನೆ ನಂಬರು ಬದಲಾಯಿಸಿ, ನಡುವೆ ನಾಲ್ಕು ಸಾಲು ಹೊಸದಾಗಿ ಬರೆದು ಪ್ರಿಂಟು ಕೊಡುವುದು. ಕರೆಂಟು ಹೋದರೆ ಬರೆದದ್ದು ಹಾಳಾಗುತ್ತದೆಂಬ ಹೆದರಿಕೆಗೆ ಎರಡು ನಿಮಿಷಕ್ಕೊಮ್ಮೆ ಸೇವ್ ಒತ್ತುವುದು. ಬೇರೆ ಹೆಸರಿನಲ್ಲಿ ಉಳಿಸಬೇಕೆಂದು ತೋಚುವುದಿಲ್ಲ. ಕಾಗದ ಕೈಗೆ ಬಂದ ಮೇಲೆ ಕಡತ ಯಾರಿಗೆ ಬೇಕು? ಮಾವನ ಪತ್ರದ ಮೇಲೆ ಇನ್ನೊಬ್ಬರು, ಅವರ ಮೇಲೆ ಮತ್ತೊಬ್ಬರು, ಹೀಗೆ ಎಷ್ಟು ಜನ ಹಾದು ಹೋದರೋ. ಕೊನೆಗೆ ಉಳಿದವರು ಮೂರನೆಯ ಲೈನಿನ ನಲ್ಲಿಯವರು.

ಅಕ್ಕನಿಗೆ ಇದನ್ನೇ ಹೇಳಿದೆ.

"ಅಂದ್ರೆ ನಮ್ ಪತ್ರದ ಮೇಲೇನೇ ಇವ್ರುದ್ದು ಬರ್ದ್ಯಾ?"

"ಹೂಂ."

"ಅಡೀಲಿ ಏನೂ ಉಳ್ದಿರಲ್ವಾ? ಸ್ಲೇಟಲ್ಲಿ ಅಳಿಸಿದ್ರೂ ಮಬ್ಬುಮಬ್ಬಾಗಿ ಕಾಣ್ಸುತ್ತಲ್ಲ?"

ಉಳಿದಿರಬಹುದೇನೋ ಎಂದು ಹುಡುಕುವ ಸಾಧನಗಳನ್ನೆಲ್ಲ ಓಡಿಸಿದೆ. ಬೇರೆಯವರ ಮದುವೆ ಕರೆಯೋಲೆಗಳ ತುಂಡುಗಳು ಸಿಕ್ಕವು. ಮಾವನದ್ದು ಸಿಗಲಿಲ್ಲ.

ಹುಡುಕುವಾಗ ಇನ್ನೊಂದು ಸಿಕ್ಕಿತು. ಅದನ್ನು ಅಕ್ಕನಿಗೆ ಹೇಳಲಿಲ್ಲ. ನಲ್ಲಿ ಅರ್ಜಿಯ ಕೊನೆಯಲ್ಲಿ, ಪೈಪು ತಮ್ಮ ಮನೆಯ ಮುಂದೆ ಹಾದುಹೋಗುವುದಕ್ಕೆ, "ಈ ಬಗ್ಗೆ ಇಂದಾಗಲಿ ಮುಂದಾಗಲಿ ನನ್ನದೇನೂ ತಕರಾರು ಇರುವುದಿಲ್ಲ" ಎಂದಿತ್ತು. ಬೇರೆ ಕಡತಗಳನ್ನು ತೆರೆದೆ. ಗೋಡೆಯ ಅರ್ಜಿಯಲ್ಲಿ ಅದೇ ಸಾಲು. ಮಗನನ್ನು ಶಾಲೆಯಿಂದ ಬಿಡಿಸಿಕೊಳ್ಳುವ ಅರ್ಜಿಯಲ್ಲಿ ಅದೇ ಸಾಲು. ಎಣಿಸುವುದನ್ನು ಬಿಟ್ಟೆ. ಮಾವ ಹೇಳಿದ್ದು, ನಾನು ಓದಿದ್ದು, ಅವರು ತಲೆಯಾಡಿಸಿದ್ದು ಎಂದು ಇಷ್ಟು ವರ್ಷ ನಾನು ಇಟ್ಟುಕೊಂಡದ್ದು ನೂರು ಜನರ ಮುಂದೆ ಓದಿದ ಸಾಲು. ಸ್ಟೂಲಿನ ಮೇಲೆ ಕಾಲು ಮಡಚಿ ಕೂತವರು ಮಾವನೇ? ಆ ಸ್ಟೂಲಿನ ಮೇಲೆ ಎಲ್ಲರೂ ಹಾಗೇ ಕೂರುತ್ತಿದ್ದರು, ಅದರ ಒಂದು ಕಾಲು ಗಿಡ್ಡ. ತಗಡಿನ ಮೇಲಿನ ಮಳೆ? ಐದು ಮಳೆಗಾಲ ಆ ತಗಡಿನ ಕೆಳಗೆ ಕೂತಿದ್ದೇನೆ. ಆ ದಿನದ್ದೆಂದು ನನ್ನ ಬಳಿ ಉಳಿದದ್ದು ಏನು ಎಂದು ಒಂದೊಂದನ್ನೇ ತೆಗೆದು ನೋಡಿದರೆ, ಆ ದಿನದ್ದೇ ಎನ್ನುವಂಥದ್ದು ಯಾವುದೂ ಇರಲಿಲ್ಲ.

ಪತ್ರ ಇಲ್ಲದಿದ್ದರೆ ಸಾಕ್ಷಿಯಾದರೂ ಬರಲಿ ಎಂದು ಪಟ್ಟಿ ಮಾಡುವ ಕಚೇರಿಯವರು ಅಕ್ಕನಿಗೆ ಹೇಳಿದ್ದರು. ಆ ಪತ್ರವನ್ನು ಟೈಪು ಮಾಡಿದವನು ನಾನು. ಬಂದು, ಇಂಥ ವರ್ಷ ಇಂಥವರು ನನ್ನ ಮುಂದೆ ಸಹಿ ಹಾಕಿದರು ಎಂದು ಹೇಳಿಕೆ ಕೊಟ್ಟರೆ ಸಾಕಂತೆ. ಹೇಳಿಕೆಯ ದಿನ ಅಕ್ಕ ಕಚೇರಿಗೆ ಹಬ್ಬಕ್ಕೆ ಉಡುವ ಸೀರೆ ಉಟ್ಟು ಬಂದಿದ್ದಳು. ಅಧಿಕಾರಿ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮರ್ಯಾದೆಯವರು. ಕುರ್ಚಿ ತೋರಿಸಿದರು. ಕೇಳುತ್ತ ಕೇಳುತ್ತ ತಾವೇ ಡೆಸ್ಕ್‌ಟಾಪಿನಲ್ಲಿ ಟೈಪು ಮಾಡಿಕೊಳ್ಳುತ್ತಿದ್ದರು.

"ಪತ್ರ ನೀವೇ ಟೈಪ್ ಮಾಡಿದ್ರಾ?"

"ಮಾಡಿದ ನೆನಪಿದೆ."

"ಯಾವ ವರ್ಷ?"

ನಾನು ಒಂದು ವರ್ಷ ಹೇಳಿ, ಅದರ ಮುಂದಿನದ್ದೂ ಇರಬಹುದು ಎಂದೆ. ಮಳೆಗಾಲ ಎಂದೆ.

"ಬೇಸ್ಗೆ ಸಾರ್," ಅಂದಳು ಅಕ್ಕ. "ಯುಗಾದಿ ಆಗಿ ಎಂಟ್ ದಿನ. ನಾನೇ ಎಲ್ರಿಗೂ ಮಜ್ಜಿಗೆ ಕೊಟ್ಟೆ."

"ನೀನು ಅವತ್ತು ಮನೇಲಿರಲಿಲ್ಲವಲ್ಲಕ್ಕ," ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

ಅಕ್ಕ ನನ್ನನ್ನು ನೋಡಿದಳು. ಅಧಿಕಾರಿ ಕೀಬೋರ್ಡಿನಿಂದ ಕೈ ತೆಗೆದರು.

"ಒಬ್ಬರು ಹೇಳಿ. ನಿಮ್ಮ ಮುಂದೆ ಸಹಿ ಹಾಕಿದ್ದು ಖಚಿತ ತಾನೇ?"

ಖಚಿತ ಎಂದರೆ ಮುಗಿಯುತ್ತಿತ್ತು. ಅಕ್ಕ ಆ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದಾಳೆ ಎನ್ನುವುದರಲ್ಲಿ ಸಂಶಯವೇ ಇರಲಿಲ್ಲ. ಆದರೆ ಅವರು ಕೇಳಿದ್ದು ಅದನ್ನಲ್ಲ. ಅವರು ಕೇಳಿದ ಆ ಗಳಿಗೆಯನ್ನು ತಲೆಯಲ್ಲಿ ಹುಡುಕಿದೆ. ಮಾವನ ಕೈ ಕಾಣಿಸಲಿಲ್ಲ, ಪೆನ್ನು ಕಾಣಿಸಲಿಲ್ಲ. ನಲ್ಲಿ ಅರ್ಜಿ ಕಾಣಿಸಿತು.

"ಅನ್ನಿಸುತ್ತೆ," ಅಂದೆ.

"ಅನ್ನಿಸುತ್ತೆ ಅಂತಲೇ ಹಾಕಲಾ?" ಅವರು ನಿಧಾನವಾಗಿ ಕೇಳಿದರು. ದಾರಿ ಬಿಟ್ಟುಕೊಟ್ಟು ಕೇಳಿದರು. ಅದು ನನಗೆ ಆಗಲೇ ತಿಳಿದಿತ್ತು, ಈಗ ತಿಳಿದದ್ದಲ್ಲ.

"ಹಾಕಿ," ಅಂದೆ.

ಹೊರಗೆ ಬಂದು ಬಸ್ಸಿಗೆ ನಿಂತೆವು. ಬೇತಮಂಗಲದ ಬಸ್ಸೊಂದು ಬಂದು ಹೋಯಿತು. ಆಮೇಲೆ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

"ಮೆಷಿನ್ಗೆ ಎಲ್ಡ್ ಸಾಲ್ ಸುಳ್ ಬರ್ದು ಒಳೀಕ್ ಬಿಡಿಸ್ತೀಯಂತೆ. ಡೈರಿಯೋರ್ಗೆ ಮಾಡ್ಕೊಟ್ಟೆ, ನಾನೇ ಕೇಳಿಸ್ಕಂಡೆ. ಅಕ್ಕಂಗೆ ಒಂದ್ ನಿಜ ಏಳಕ್ಕಾಗ್ಲಿಲ್ವೇನ್ಲಾ?"

"ನಿಜಾನೋ ಅಲ್ವೋ ಗೊತ್ತಾಗ್ಲಿಲ್ಲಕ್ಕ."

"ನಂಗೊತ್ತಿತ್ತಲ್ಲ. ನನ್ ಮಾತು ಸಾಕಾಗ್ಲಿಲ್ವಾ? ಮಜ್ಜಿಗೇಗೆ ಉಪ್ಪು ಜಾಸ್ತಿ ಆಗೈತೆ ಅಂತ ನೀನೇ ಅಂದೆ."

ಅದು ನನಗೆ ನೆನಪಿಲ್ಲ. ನೆನಪಿಲ್ಲ ಎನ್ನುವುದು ಆಗಿಲ್ಲ ಎನ್ನುವುದಕ್ಕೆ ಪುರಾವೆಯಲ್ಲ ಎಂದು ನಾನೇ ವಿಶ್ವವಿದ್ಯಾಲಯದಲ್ಲಿ ಓದಿ, ಬೇರೆಯವರಿಗೂ ಹೇಳಿದ್ದೇನೆ. ಅಕ್ಕ ಆ ಮಧ್ಯಾಹ್ನ ಅಲ್ಲೇ ಇದ್ದಿರಬಹುದು. ನಾನು ಅವಳನ್ನು ನನ್ನ ನೆನಪಿನಿಂದ ಯಾವಾಗಲೋ ಅಳಿಸಿರಬಹುದು. ಬಸ್ಸು ಬಂದ ಮೇಲೆ ಅವಳು ಮುಂದಿನ ಸೀಟಿನಲ್ಲಿ, ನಾನು ಹಿಂದೆ.

ಅಕ್ಕನ ಹೆಸರು ಪಟ್ಟಿಗೆ ಬರಲಿಲ್ಲ. ಆಕ್ಷೇಪಣೆಗೆ ಇನ್ನೊಂದು ಅವಕಾಶ ಇತ್ತು. ಅಕ್ಕ ಅದನ್ನು ನನಗೆ ಹೇಳಲಿಲ್ಲ. ಅವಳ ಎದುರು ಮನೆಯ ಹಿರಿಯರು ಅಂಗಡಿಗೆ ಬಂದು ಹೇಳಿದರು. ಅವರು ಪಕ್ಕದ ಚಾಂಪಿಯನ್ ರೀಫ್ಸ್‌ನಿಂದ ಈ ಲೈನಿಗೆ ಬಂದದ್ದೇ ಮಾವ ಹೋದ ಎಷ್ಟೋ ವರ್ಷಗಳ ಮೇಲೆ. ಮಾವನ ಮುಖವನ್ನೇ ನೋಡಿದವರಲ್ಲ.

"ನಾನು ಏಳ್ತೀನಿ ತಂಬಿ," ಅಂದರು. "ನಂಗೆದುರ್ಗೇ ಸಹಿ ಆಕಿದ್ರು ಅಂತೀನಿ. ಪೆನ್ನು ನಾನೇ ಕೊಟ್ಟೆ ಅಂತೀನಿ. ಅದ್ರಲ್ಲೇನೈತೆ? ಆಯಮ್ಮ ಅಲ್ಲಿರೋದು ಸುಳ್ಳಾ?"

"ಸುಳ್ಳಲ್ಲ."

"ಆಮೇಲೆ ಯಾಕ್ ನೀನು ಅಂಗ್ ಮಾಡ್ದೆ? ಜಾಸ್ತಿ ಓದ್ಬುಟ್ರೆ ಇಂಗೇ." ಹೊರಡುವಾಗ ಬಾಗಿಲಲ್ಲಿ ನಿಂತು, "ನೀನ್ ಮಾತ್ರ ಬರ್ಬೇಡ ಅಂದೈತೆ ಅಕ್ಕ" ಎಂದರು.

ನಾನು ಹೋಗಲಿಲ್ಲ. ಆ ದಿನ ಅಂಗಡಿಯಲ್ಲಿ ಒಂದು ಮೆಷಿನ್ನಿನ ಮುಂದೆ ಕೂತು, ಯಾರೋ ನನ್ನ ಪರವಾಗಿ ಹೇಳುತ್ತಿರುವ ಸುಳ್ಳನ್ನು ಜನ ನಂಬಲಿ ಎಂದು ಬಯಸುತ್ತಿದ್ದೆ. ದೇವರನ್ನು ಕೇಳುವ ಅಭ್ಯಾಸ ಬಿಟ್ಟು ಬಹಳ ವರ್ಷವಾಗಿದ್ದರಿಂದ, ಯಾರನ್ನು ಕೇಳುತ್ತಿದ್ದೇನೆಂದು ಗೊತ್ತಿಲ್ಲದೆಯೇ ಕೇಳುತ್ತಿದ್ದೆ. ಪೆನ್ನಿನ ವಿಷಯ ಚೆನ್ನಾಗಿದೆ, ಪೆನ್ನಿನ ವಿಷಯ ಹೇಳಲಿ ಎಂದುಕೊಳ್ಳುತ್ತಿದ್ದೆ.

ನಾಲ್ಕು ಗಂಟೆಗೆ ಆ ಹಿರಿಯರೇ ಫೋನು ಮಾಡಿದರು. ಅವರು ಹೇಳಿದ್ದನ್ನೆಲ್ಲ ಅಧಿಕಾರಿ ಕೇಳಿಸಿಕೊಂಡರಂತೆ. ಆಮೇಲೆ ಕಂಪ್ಯೂಟರಿನಿಂದ ಹಿಂದಿನ ಹೇಳಿಕೆಯನ್ನು ತೆಗೆದು ಓದಿದರಂತೆ: ಪತ್ರವನ್ನು ಸ್ವತಃ ಟೈಪು ಮಾಡಿದವರು, ಅರ್ಜಿದಾರರ ಸ್ವಂತ ತಮ್ಮ, ಸ್ನಾತಕೋತ್ತರ ಪದವೀಧರರು, ಸಹಿಯ ಬಗ್ಗೆ ಖಚಿತವಾಗಿ ಹೇಳಿರುವುದಿಲ್ಲ. ಅದರ ಎದುರು ನೆರೆಯವರ ಮಾತನ್ನು ಹೇಗೆ ತೆಗೆದುಕೊಳ್ಳಲಿ ಎಂದರಂತೆ. ಬೇಸರದಿಂದಲೇ ಹೇಳಿದರಂತೆ.

"ನೀನು ಏನೂ ಏಳ್ದೇ ಇದ್ದಿದ್ರೂ ಆಗ್ತಿತ್ತು ತಂಬಿ," ಅಂದರು ಹಿರಿಯರು. ಸಿಟ್ಟಿರಲಿಲ್ಲ ಧ್ವನಿಯಲ್ಲಿ.

ಅಕ್ಕ ಮೂರು ದಿನದ ಮೇಲೆ ಫೋನು ಮಾಡಿದಳು. ಮನೆ ಬಿಡಲು ಸ್ವಲ್ಪ ಕಾಲ ಕೊಟ್ಟಿದ್ದಾರೆ, ಗಂಡನ ಊರಿನಲ್ಲಿ ಒಂದು ಕೋಣೆ ಕೇಳಿದ್ದೇನೆ, ಅಲ್ಲಿಂದ ಗಾರ್ಮೆಂಟ್ಸ್‌ಗೆ ಎರಡು ಬಸ್ಸು ಹಿಡಿಯಬೇಕು, ಮೊಣಕಾಲು ಏನನ್ನುತ್ತದೋ ನೋಡಬೇಕು ಎಂದಳು. ನನ್ನ ಮನೆಗೆ ಬಾ ಎಂದೆ.

"ಸಾಮಾನ್ ಸಾಗ್ಸಕ್ಕೆ ಒಂದ್ ಲಗೇಜ್ ಆಟೋ ಏಳು," ಅಂದಳು. "ಅದಾದ್ರೂ ಖಚಿತವಾಗಿ ಬತ್ತದೇನ್ಲಾ?"

"ಬರುತ್ತೆ ಅಕ್ಕ," ಅಂದೆ.

"ಊಂ," ಎಂದು ಇಟ್ಟಳು.